ಹಿತ್ತಲಿನ ಹಾವು, ತೋಟದ ಕಪ್ಪೆ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಡೆ ಮನೆ ಎಂದರೆ ಗೋಡೆ ಮತ್ತು ಸೂರು ಮಾತ್ರವಲ್ಲ. ಮುಂದೆ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಅದಕ್ಕೆ ಸೇರಿದಂತೆ ಗೊಬ್ಬರದ ಗುಂಡಿ, ಹಿಂದೆ ಧರೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ ಹಿಂಡು, ಕೆಸುವಿನ ಗಿಡ, ಬಸಳೆ ಚಪ್ಪರ, ಬಾವಿ. ನಾಲ್ಕು ಹೆಜ್ಜೆ ಇಳಿದರೆ ಅಡಿಕೆ ತೋಟ. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ. ಇವೆಲ್ಲ ಸೇರಿದರೆ ಮಲೆನಾಡಿನ ಒಂದು ಮನೆ. ಈ ಮನೆಯಲ್ಲಿ, ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಅನೇಕರು ವಾಸವಾಗಿದ್ದಾರೆ. ಬಚ್ಚಲು ಮನೆಯ ಗೋಡೆಗೆ ಅಂಟಿಕೊಂಡ ಮರಗಪ್ಪೆ, ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ, ಹುಲ್ಲಿನ ಬಣವೆಯಡಿ ಮಲಗಿದ ಕೇರೆಹಾವು, ಬಾವಿಯ ಆಮೆ, ಗೊಬ್ಬರದ ಗುಂಡಿಯಲ್ಲಿ ಹೊರಳುವ ಹೆಸರು ಗೊತ್ತಿಲ್ಲದ ಜೀವಿ, ಇವರೇ ಆ ನಿವಾಸಿಗಳು.

ಇವರ ಪರಿಚಯ ಮಾಡಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ನಮ್ಮ ಪ್ರಾಣದ ವಿಷಯ. ಹಾವು ಕಡಿತದಿಂದ ಸಾಯುವವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲ ತೋಟಗಳಲ್ಲಿ ಕೆಲಸ ಮಾಡುವವರು. ಎರಡನೆಯದು ಆ ಜೀವಿಗಳ ಪ್ರಾಣದ ವಿಷಯ. ಅಪಾಯಕಾರಿಯಾದ ನಾಲ್ಕಾರು ಬಗೆಯ ಹಾವುಗಳ ಭಯದಿಂದ, ಏನೂ ಮಾಡದ ಹತ್ತಾರು ಬಗೆಯ ಜೀವಿಗಳನ್ನು ನಾವು ಕೊಲ್ಲುತ್ತೇವೆ. ಈ ಎರಡು ತೊಂದರೆಗಳಿಗೂ ಮದ್ದು ಒಂದೇ: ಯಾರು ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂದು ತಿಳಿದು, ಅದಕ್ಕೆ ತಕ್ಕಂತೆ ಹಿತ್ತಲನ್ನು ಇಟ್ಟುಕೊಳ್ಳುವುದು.

ಶಾಲೆಯಲ್ಲಿ ಓದಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಕಪ್ಪೆಗಳು ಉಭಯಚರಗಳು. ಅವುಗಳ ಚರ್ಮ ತೆಳು, ಸದಾ ತೇವ. ಆ ಚರ್ಮದ ಮೂಲಕವೇ ಅವು ನೀರನ್ನು ಹೀರುತ್ತವೆ, ಸ್ವಲ್ಪ ಮಟ್ಟಿಗೆ ಉಸಿರನ್ನೂ ಆಡುತ್ತವೆ. ಮೊಟ್ಟೆಗೆ ಚಿಪ್ಪಿಲ್ಲ. ಆದ್ದರಿಂದ ಒದ್ದೆ ಜಾಗ ಬಿಟ್ಟರೆ ಬಾಳಿಲ್ಲ. ಹಾವು, ಹಲ್ಲಿ, ಓತಿ, ಆಮೆಗಳು ಸರೀಸೃಪಗಳು. ಅವುಗಳ ಚರ್ಮ ಒಣ, ಹುರುಪೆ ಹೊದಿಸಿದ್ದು. ಎರಡು ಗುಂಪಿನವರಿಗೂ ನಮ್ಮಂತೆ ಮೈಯ ಬಿಸಿಯನ್ನು ತಾವೇ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಬರಬೇಕು, ತಂಪು ಬೇಕಾದರೆ ನೆರಳಿಗೆ ಸರಿಯಬೇಕು. ಬೆಳಗಿನ ಬಿಸಿಲಿನಲ್ಲಿ ಹಾವು ಕಲ್ಲುಕಟ್ಟೆಯ ಮೇಲೆ ಕಾಣಿಸಿಕೊಳ್ಳುವುದಕ್ಕೂ, ಸುಡು ಮಧ್ಯಾಹ್ನದಲ್ಲಿ ಸೌದೆ ರಾಶಿಯೊಳಗೆ ಸೇರಿಕೊಳ್ಳುವುದಕ್ಕೂ ಇದೇ ಕಾರಣ. ಅದು ಯಾರನ್ನೂ ಹುಡುಕಿಕೊಂಡು ಬಂದದ್ದಲ್ಲ.

ಕಪ್ಪೆಗಳಿಂದಲೇ ಪ್ರಾರಂಭಿಸೋಣ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಮಳೆಗಾಲದ ರಾತ್ರಿ ಮಲೆನಾಡಿನಲ್ಲಿ ಧ್ವನಿಮುದ್ರಣ ಮಾಡುವುದು ಕಷ್ಟದ ಕೆಲಸ. ಜಗಲಿಯಲ್ಲಿ ಕುಳಿತ ಹಿರಿಯರ ಮಾತನ್ನು ಮುದ್ರಿಸಲು ಹೋದರೆ, ಹಿಂದಿನಿಂದ ಬರುವ ಕಪ್ಪೆಗಳ ಸದ್ದು ಮಾತನ್ನು ನುಂಗಿಬಿಡುತ್ತದೆ. ಮೊದಲು ಅದು ಬರೀ ಗದ್ದಲ ಎನ್ನಿಸುತ್ತದೆ. ಕಿವಿಗೆ ಧ್ವನಿಗ್ರಾಹಕವನ್ನು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕುಳಿತರೆ ಗದ್ದಲ ಬಿಡಿಬಿಡಿಯಾಗುತ್ತದೆ. ಗದ್ದೆಯ ಕಡೆಯಿಂದ ಒಂದು, ಕೆರೆ ಏರಿಯಿಂದ ಒಂದು, ಕಾಫಿ ಗಿಡದ ಎಲೆಯಿಂದ ಒಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ಸ್ಥಾನ, ಬೇರೆ ಸ್ವರ. ಕೂಗುವುದೆಲ್ಲ ಗಂಡುಗಳು. ಹೆಣ್ಣು ತನ್ನ ಜಾತಿಯ ಗಂಡಿನ ಕೂಗನ್ನು ಮಾತ್ರ ಗುರುತಿಸಿ ಅದರ ಬಳಿಗೆ ಹೋಗುತ್ತದೆ. ಆದ್ದರಿಂದ ಕಪ್ಪೆಯ ಕೂಗು ಅದರ ವಿಳಾಸವೂ ಹೌದು, ಹೆಸರೂ ಹೌದು. ತಜ್ಞರು ಕಪ್ಪೆಯನ್ನು ಕಣ್ಣಿನಿಂದ ನೋಡದೆ ಕಿವಿಯಿಂದಲೇ ಗುರುತಿಸುತ್ತಾರೆ.

ಮೃಗಶಿರ ಮಳೆ ಹಿಡಿದ ಕೂಡಲೇ ಗದ್ದೆಯಲ್ಲಿ ದೊಡ್ಡ ಗೋಂಕರ ಕಪ್ಪೆಗಳು ಕೂಗಲು ತೊಡಗುತ್ತವೆ. ಆ ದಿನಗಳಲ್ಲಿ ಗಂಡಿನ ಮೈ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ, ಗಂಟಲಿನ ಎರಡು ಚೀಲಗಳು ನೀಲಿಯಾಗಿ ಉಬ್ಬುತ್ತವೆ. ಒಂದು ಕಾಲದಲ್ಲಿ ಈ ಕಪ್ಪೆಯ ಕಾಲುಗಳು ಹಡಗು ಹತ್ತಿ ವಿದೇಶದ ಊಟದ ಮೇಜಿಗೆ ಹೋಗುತ್ತಿದ್ದವು. 1987ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಗದ್ದೆಯ ಕೀಟ, ಏಡಿಗಳನ್ನು ತಿನ್ನುವ ಪ್ರಾಣಿ ಹೋದರೆ ಕೀಟನಾಶಕದ ಖರ್ಚು ಬೆಳೆಯುತ್ತದೆ ಎಂಬುದು ಅಂದಿನ ಚರ್ಚೆಯ ಮುಖ್ಯ ಅಂಶಗಳಲ್ಲಿ ಒಂದಾಗಿತ್ತು. ಈ ಕಪ್ಪೆಯ ಗೊದಮೊಟ್ಟೆಗಳು ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ.

ಇನ್ನು ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಗೆ, ಕೆಲವೊಮ್ಮೆ ಸಿಮೆಂಟಿನ ನೀರಿನ ತೊಟ್ಟಿಯ ಅಂಚಿಗೆ, ಸಾಬೂನಿನ ನೊರೆಯಂಥ ಉಂಡೆ ಅಂಟಿಕೊಂಡಿರುವುದನ್ನು ನೀವು ನೋಡಿರಬಹುದು. ಅದನ್ನು ಕೊಳೆ ಎಂದು ತಿಳಿದು ಕೋಲಿನಿಂದ ಕೆಡವುವವರಿದ್ದಾರೆ. ಅದು ಮರಗಪ್ಪೆಯ ಗೂಡು. ಮಲಬಾರ್ ಹಾರುವ ಕಪ್ಪೆ, ಅಂದರೆ ಎಲೆಹಸಿರು ಮೈ, ಬೆರಳುಗಳ ನಡುವೆ ಕೆಂಪು ಪೊರೆ ಇರುವ ಸುಂದರ ಕಪ್ಪೆ, ಒಂದು ಬಗೆಯ ದ್ರವವನ್ನು ಸುರಿಸಿ ಕಾಲುಗಳಿಂದ ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಗೆ ನೊರೆ ಒಣಗಿ ಹೊದಿಕೆಯಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಉದುರುತ್ತವೆ. ಮನೆಯ ಬಚ್ಚಲಿಗೂ ಬರುವ ಕಂದು ಮರಗಪ್ಪೆಯದೂ ಇದೇ ಪದ್ಧತಿ.

ಇದಕ್ಕಿಂತ ಸೋಜಿಗದ್ದು ಪೊದೆಗಪ್ಪೆ. ಹೆಬ್ಬೆರಳಿನ ಉಗುರಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಇರುವ ಇದು ದಾಸವಾಳ, ಏಲಕ್ಕಿ, ಕಾಫಿ ಗಿಡಗಳ ಎಲೆಯ ಮೇಲೆ ಕುಳಿತು ಲೋಹಕ್ಕೆ ಲೋಹ ತಾಗಿದಂತೆ ಟಿಂಕ್ ಟಿಂಕ್ ಎನ್ನುತ್ತದೆ. ಇದಕ್ಕೆ ಕೆರೆ ಬೇಡ, ಗೊದಮೊಟ್ಟೆಯ ಅವಸ್ಥೆಯೂ ಇಲ್ಲ. ತೇವದ ಎಲೆಯ ಮೇಲೋ ಎಲೆಯ ಮರೆಯಲ್ಲೋ ಇಟ್ಟ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಕುಲಕ್ಕೆ 2010ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ರಾವೋರ್ಕೆಸ್ಟಿಸ್. ಇದರಲ್ಲಿರುವ ರಾವ್ ಯಾರು ಎಂಬುದು ಕನ್ನಡಿಗರು ತಿಳಿಯಬೇಕಾದ ಸಂಗತಿ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್. 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಜಗತ್ತಿಗೆ ಪರಿಚಯಿಸಿದವರು.

ಹುಡುಕಾಟ ಇನ್ನೂ ಮುಗಿದಿಲ್ಲ. ಸಾಗರ ತಾಲ್ಲೂಕಿನ ಗಡಿ ದಾಟಿ ಜೋಗದಿಂದ ಹೊನ್ನಾವರದ ದಾರಿ ಹಿಡಿದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಅಲ್ಲಿನ ಜವುಗು ಕಾಡಿನ ಹಳ್ಳದಿಂದ 2014ರಲ್ಲಿ ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಒಂದು ಹೊಸ ಕಪ್ಪೆಯನ್ನು ವರ್ಣಿಸಿದರು. ನೀರಿನ ಮೇಲೆ ಚಾಚಿದ ಕಡ್ಡಿಗೆ ಅಂಟಿಸಿದ ಮೊಟ್ಟೆಗಳ ಮೇಲೆ ಇದರ ಗಂಡು ಮುಂಗೈಗಳಿಂದ ಕೆಸರನ್ನು ಎತ್ತಿ ಎತ್ತಿ ಮೆತ್ತುತ್ತದೆ. ಅದಕ್ಕೆ ಕುಂಬಾರ ಎಂದೇ ಹೆಸರಿಟ್ಟರು. ಮಾಮೂಲಿ ಹಿತ್ತಲಿಗೆ ಈ ಕಪ್ಪೆ ಬರುವುದಿಲ್ಲ, ನಿಜ. ಆದರೆ ನಿಮ್ಮ ತೋಟದ ನೀರು ಹರಿದು ಸೇರುವುದು ಇಂಥ ಹಳ್ಳಗಳಿಗೇ. ತೋಟದಲ್ಲಿ ನಾವು ಏನನ್ನು ತೊಳೆದು ಬಿಡುತ್ತೇವೆ ಎಂಬುದು ಅಲ್ಲಿನ ಜೀವಿಗಳಿಗೆ ತಾಗುತ್ತದೆ.

ಗೊಬ್ಬರದ ಗುಂಡಿಯ ಹೆಸರು ಗೊತ್ತಿಲ್ಲದ ಜೀವಿಯ ವಿಷಯಕ್ಕೆ ಬರೋಣ. ಗೊಬ್ಬರ ತೆಗೆಯುವಾಗಲೋ ಬಾಳೆಯ ಬುಡ ಅಗೆಯುವಾಗಲೋ, ಮೈಮೇಲೆ ಉಂಗುರ ಉಂಗುರವಾಗಿ ಗೆರೆಗಳಿರುವ, ಎರೆಹುಳುವಿನ ಅಣ್ಣನಂತೆ ಕಾಣುವ, ಗೇಣುದ್ದದ ಜಿಗುಟು ಜೀವಿ ಹೊರಬರುತ್ತದೆ. ಹಾವೆಂದು ಹಾರೆಯಿಂದ ತುಂಡು ಮಾಡುವುದು ರೂಢಿ. ಅದು ಹಾವಲ್ಲ, ಹುಳುವೂ ಅಲ್ಲ. ಕಪ್ಪೆಯ ದೂರದ ಸಂಬಂಧಿ. ಸಿಸಿಲಿಯನ್ ಎಂಬ, ಕಾಲಿಲ್ಲದ ಉಭಯಚರ. ಎರೆಹುಳು, ಗೆದ್ದಲುಗಳನ್ನು ತಿಂದು ಮಣ್ಣಿನೊಳಗೇ ಬದುಕುತ್ತದೆ. ನಮ್ಮ ಕಡೆಯ ಕೆಲವು ಜಾತಿಗಳಲ್ಲಿ ತಾಯಿ ಮೊಟ್ಟೆಗಳ ಸುತ್ತ ಮೈಸುತ್ತಿಕೊಂಡು ಕಾವಲಿರುತ್ತದೆ. ಅದು ನಮ್ಮನ್ನು ಕಚ್ಚಿ ತೊಂದರೆ ಕೊಡುವ ಜೀವಿಯಲ್ಲ. ಸಿಕ್ಕರೆ ಒದ್ದೆ ಮಣ್ಣಿನ ಸಮೇತ ನೆರಳಿಗೆ ಸರಿಸಿ, ಅಷ್ಟು ಸಾಕು.

ಓತಿಕೇತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ನಮ್ಮಲ್ಲಿದೆ. ಬೇಲಿಯ ಓತಿಯನ್ನು ಮಕ್ಕಳು ಕಲ್ಲು ಹೊಡೆದು ಆಡುವುದೂ ಹಳೆಯ ಚಾಳಿ. ಅದರ ಕೊರಳು ಕೆಂಪಾಗುವುದು ರಕ್ತ ಹೀರುವುದರಿಂದಲ್ಲ. ಗಂಡು ಹೆಣ್ಣಿಗೆ ತೋರುವ ಸಿಂಗಾರ ಅದು. ಇನ್ನು ಹಾರುವ ಓತಿಯನ್ನು ನೋಡಬೇಕಾದರೆ ಕಾಡಿಗೆ ಹೋಗಬೇಕಿಲ್ಲ, ಅಡಿಕೆ ತೋಟವೇ ಅದರ ಮನೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂದ ಮೇಲೆ ಈ ಪ್ರಾಣಿಯ ಹೆಸರು ಕನ್ನಡದ ಓದುಗರೆಲ್ಲರಿಗೂ ಗೊತ್ತಾಯಿತು. ಗೇಣುದ್ದದ ಈ ಓತಿ ಅಡಿಕೆ ಮರದ ಬಣ್ಣಕ್ಕೆ ಎಷ್ಟು ಹೊಂದಿಕೊಳ್ಳುತ್ತದೆ ಎಂದರೆ ಅಲುಗದಿದ್ದರೆ ಕಾಣುವುದಿಲ್ಲ. ಬಿಸಿಲು ಏರಿದಾಗ ಗಂಡು ಗಂಟಲಿನ ಹಳದಿ ಪಟ್ಟಿಯನ್ನು ಬಾವುಟದಂತೆ ಬಿಚ್ಚಿ ಮಡಿಸುತ್ತದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಪೊರೆಯನ್ನು ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಆಹಾರ ಮುಖ್ಯವಾಗಿ ಇರುವೆಗಳು. ಮರದ ಮೇಲೆಯೇ ಬಾಳುವ ಈ ಪ್ರಾಣಿಯ ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಇಳಿಯಲೇಬೇಕು. ನೆಲಕ್ಕೆಲ್ಲ ಕಳೆನಾಶಕ ಹೊಡೆದ ತೋಟದಲ್ಲಿ ಅದು ಇಳಿಯುವುದು ಎಲ್ಲಿಗೆ ಎಂದು ಯೋಚಿಸಿ.

ಹಾವುರಾಣಿಯ ಬಗ್ಗೆ ಒಂದು ಮಾತು. ತಾಮ್ರದಂತೆ ಹೊಳೆಯುವ ಮೈ, ಚುರುಕು ಓಟ. ಇದು ಕಚ್ಚಿದರೆ, ನೆಕ್ಕಿದರೆ ಸಾವು ಎಂಬ ನಂಬಿಕೆ ಬಲವಾಗಿದೆ. ಹಾವುರಾಣಿಗೆ ವಿಷವೇ ಇಲ್ಲ. ನಮ್ಮ ದೇಶದ ಹಲ್ಲಿ, ಓತಿ, ಹಾವುರಾಣಿ, ಉಡ ಯಾವುದರಿಂದಲೂ ವಿಷದ ಸಾವಿನ ಭಯವಿಲ್ಲ.

ಈಗ ಹಾವುಗಳು. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಇವುಗಳಲ್ಲಿ ಮನುಷ್ಯನ ಪ್ರಾಣಕ್ಕೆ ಎರವಾಗಬಲ್ಲವು ಕೆಲವೇ. ಹಿತ್ತಲಿನಲ್ಲಿ ನಿಮಗೆ ಸಾಮಾನ್ಯವಾಗಿ ಸಿಗುವ ಕೇರೆಹಾವಿಗೆ ವಿಷವಿಲ್ಲ. ಅದು ಹಸುವಿನ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆ ಎಂಬುದು ಆಗದ ಮಾತು. ಒಳಮುಖವಾಗಿ ಬಾಗಿದ ಚೂಪು ಹಲ್ಲುಗಳ ಬಾಯಿಯನ್ನು ಯಾವ ಹಸುವೂ ಸಹಿಸುವುದಿಲ್ಲ. ಕೇರೆಹಾವು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಇಲಿ ತೆಂಗು, ಭತ್ತಗಳನ್ನು ಹಾಳು ಮಾಡುವುದಲ್ಲದೆ ಇಲಿಜ್ವರವನ್ನೂ ಹರಡುತ್ತದೆ. ಬಿಲದೊಳಗೇ ನುಗ್ಗಿ ಇಲಿ ಹಿಡಿಯುವ ಆಳು ಸಂಬಳವಿಲ್ಲದೆ ದುಡಿಯುತ್ತಿರುವಾಗ ಅದನ್ನು ಬಡಿದು ಕೊಲ್ಲುವುದು ನಷ್ಟದ ವ್ಯಾಪಾರ. ತೊಂಡೆ ಚಪ್ಪರದ ಹಸಿರು ಹಾವು ಕಣ್ಣಿಗೆ ಕುಕ್ಕುತ್ತದೆ ಎನ್ನುತ್ತಾರೆ. ಅದಕ್ಕೆ ಸೌಮ್ಯ ವಿಷವಿದೆ, ಓತಿ ಕಪ್ಪೆಗಳಿಗೆ ಸಾಕಾಗುವಷ್ಟು. ನಮ್ಮ ಪ್ರಾಣಕ್ಕೆ ಅಪಾಯವಿಲ್ಲ. ಕೆರೆ ಕಾಲುವೆಗಳ ಒಳ್ಳೆಹಾವು ಮೀನು ಕಪ್ಪೆಗಳನ್ನು ತಿಂದು ಬದುಕುವ ಬಡಪಾಯಿ; ಕೆಣಕಿದರೆ ಕಚ್ಚುತ್ತದೆ, ವಿಷವಿಲ್ಲ.

ಕಾಳಿಂಗನ ಹೆಸರು ಹೇಳದೆ ತೀರ್ಥಹಳ್ಳಿ, ಹೊಸನಗರಗಳ ಹಾವಿನ ಮಾತು ಮುಗಿಯುವುದಿಲ್ಲ. ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯಲ್ಲಿ ರಾಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೋ ಸಾಧನ ಇಟ್ಟು ಅವುಗಳ ಸಂಚಾರವನ್ನು ಹಿಂಬಾಲಿಸುವ ಕೆಲಸ ನಡೆಯಿತು. ಕಾಡು, ತೋಟ, ಹಿತ್ತಲು ಎಂಬ ನಮ್ಮ ಗಡಿಗಳು ಕಾಳಿಂಗನಿಗಿಲ್ಲ. ಹನ್ನೆರಡು ಅಡಿಗೂ ಮೀರಿ ಬೆಳೆಯಬಲ್ಲ ಈ ಹಾವಿನ ಮುಖ್ಯ ಆಹಾರ ಬೇರೆ ಹಾವುಗಳು: ಕೇರೆ, ನಾಗರ, ಗುಳಿಮಂಡಲ. ಹಾವುಗಳಲ್ಲಿ ಎಲೆ ಕೂಡಿಸಿ ಗೂಡು ಕಟ್ಟುವುದು ಇದೊಂದೇ. ಬೇಸಿಗೆಯಲ್ಲಿ ಹೆಣ್ಣು ಮೈಯ ಸುರುಳಿಗಳಿಂದ ದರಕನ್ನು ಎಳೆದು ಗುಡ್ಡೆ ಮಾಡಿ ಮೊಟ್ಟೆಯಿಟ್ಟು ಕಾಯುತ್ತದೆ. ಮುಂಗಾರಿನ ನಡುವೆ ಮರಿಗಳಾಗುತ್ತವೆ. ಅಂಥ ಗೂಡು ಕಂಡ ಮನೆಯವರನ್ನು ಒಪ್ಪಿಸಿ, ಮರಿಯಾಗುವ ತನಕ ಗೂಡನ್ನು ಕಾಯುವ ಕೆಲಸ ಆಗುಂಬೆ ಸುತ್ತ ಹಲವು ವರ್ಷಗಳಿಂದ ನಡೆದಿದೆ. ಅದಕ್ಕೆ ಒಪ್ಪಿದ ಮನೆಗಳ ದೊಡ್ಡತನವನ್ನು ನಾವು ಮೆಚ್ಚಬೇಕು. ಕಾಳಿಂಗನ ವಿಷ ಭಯಂಕರ, ಆದರೆ ಅದು ಮನುಷ್ಯನನ್ನು ಕಚ್ಚಿದ ಪ್ರಕರಣಗಳು ತೀರಾ ವಿರಳ. 1836ರಿಂದ ಒಂದೇ ಜಾತಿ ಎಂದು ತಿಳಿದಿದ್ದ ಈ ಹಾವನ್ನು 2024ರಲ್ಲಿ ಡಾ. ಪಿ. ಗೌರಿಶಂಕರ್ ಮತ್ತು ಸಂಗಡಿಗರು ನಾಲ್ಕು ಜಾತಿಗಳಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಸಿಕ್ಕ ವೈಜ್ಞಾನಿಕ ಹೆಸರು ಒಫಿಯೊಫಾಗಸ್ ಕಾಳಿಂಗ. ನಮ್ಮ ಅಜ್ಜಂದಿರ ಬಾಯಿಮಾತು ಹೀಗೆ ವಿಜ್ಞಾನದ ದಫ್ತರವನ್ನು ಸೇರಿತು.

ಹಾಗಾದರೆ ಎಚ್ಚರ ವಹಿಸಬೇಕಾದದ್ದು ಯಾವುದರಿಂದ? ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ನಮ್ಮ ದೇಶದಲ್ಲಿ ಹೆಚ್ಚು ಸಾವಿಗೆ ಕಾರಣವಾದವು. ಗರಗಸಮಂಡಲ ಒಣಭೂಮಿಯದು, ತೇವದ ತೋಟಗಳಲ್ಲಿ ಅಪರೂಪ. ಕಟ್ಟುಹಾವು ರಾತ್ರಿಯ ಸಂಚಾರಿ. ಅದರ ಕಡಿತ ಅನೇಕ ವೇಳೆ ನೋಯುವುದೇ ಇಲ್ಲ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದ್ದೂ ತಿಳಿಯುವುದಿಲ್ಲ. ಕೊಳಕುಮಂಡಲ ದರಕಿನ ಬಣ್ಣದಲ್ಲೇ ಸುರುಳಿ ಸುತ್ತಿ ಮಲಗುತ್ತದೆ, ತುಳಿದರೆ ಕಚ್ಚುತ್ತದೆ. ಇವುಗಳ ಜೊತೆಗೆ ಮಲೆನಾಡಿನ ತೋಟಗಳಲ್ಲಿ ಗುಳಿಮಂಡಲಗಳಿವೆ. ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ ಹೀಗೆ ನಾನಾ ಬಣ್ಣಗಳಲ್ಲಿ ಮಳೆಗಾಲದಲ್ಲಿ ಗಿಡದ ಮೇಲೆ ಅಲುಗದೆ ಕುಳಿತಿರುತ್ತದೆ. ಅದಕ್ಕಿಂತ ಚಿಕ್ಕದಾದ, ಮೂತಿ ಮೇಲಕ್ಕೆತ್ತಿದ ಇನ್ನೊಂದು ಗುಳಿಮಂಡಲ ದರಕಿನಲ್ಲಿ ಮಲಗಿರುತ್ತದೆ. ಈ ಚಿಕ್ಕದರ ಕಡಿತವನ್ನು ಹಗುರವಾಗಿ ಕಾಣಬಾರದು. ಅದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು, ಮತ್ತು ನಮ್ಮಲ್ಲಿ ಸಿಗುವ ಪ್ರತಿವಿಷವು ಮೇಲೆ ಹೇಳಿದ ನಾಲ್ಕು ಹಾವುಗಳಿಗಾಗಿ ತಯಾರಾದದ್ದು, ಇದಕ್ಕಲ್ಲ. ಹೀಗಾಗಿ ವೈದ್ಯರ ನಿಗಾ ಇಲ್ಲಿ ಇನ್ನೂ ಹೆಚ್ಚು ಬೇಕು.

ಅಂಕಿಸಂಖ್ಯೆ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯ ಯೋಜನೆಯನ್ನು ಪ್ರಕಟಿಸಿತು.

ಕಡಿತವಾದಾಗ ಮಾಡಬೇಕಾದದ್ದು ಸರಳ. ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ಧೈರ್ಯ ಹೇಳಿ. ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ತೆಗೆಯಿರಿ, ಬಾವು ಬಂದ ಮೇಲೆ ಅವು ಬಿಗಿಯುತ್ತವೆ. ಕೈಕಾಲು ಮುರಿದಾಗ ಕಟ್ಟುವಂತೆ ಒಂದು ಹಲಗೆಯ ಆಧಾರ ಕೊಟ್ಟು ಅಲುಗದಂತೆ ಮಾಡಿ. ತಡಮಾಡದೆ ವಾಹನದಲ್ಲಿ ಆಸ್ಪತ್ರೆಗೆ ಸೇರಿಸಿ, ಅಥವಾ 108ಕ್ಕೆ ಕರೆ ಮಾಡಿ. ಮಾಡಬಾರದ್ದು ಇವು: ಹಗ್ಗದಿಂದ ಬಿಗಿದು ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ನಾರು ಬೇರು ಅರೆದು ಹಚ್ಚುವುದು, ಮಂತ್ರ ಹಾಕಿಸಲು ಕಾಯುವುದು, ಹಾವನ್ನು ಹಿಡಿದು ತರಲು ಹೋಗುವುದು. ನಾಟಿ ಔಷಧಿಯಿಂದ ಬದುಕಿದೆ ಎನ್ನುವವರಲ್ಲಿ ಬಹಳ ಮಂದಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಅಥವಾ ವಿಷ ಬಿಡದ ಕಡಿತ. ನಿಮ್ಮ ಊರಿಗೆ ಸಮೀಪದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ರಾತ್ರಿ ಹೊತ್ತು ಮಳೆಯಲ್ಲಿ ಘಾಟಿ ದಾರಿ ಹಿಡಿಯುವಾಗ ಆ ಒಂದು ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.

ಕಡಿತ ಆಗದಂತೆ ನೋಡಿಕೊಳ್ಳುವುದು ಇದಕ್ಕಿಂತಲೂ ಸುಲಭ. ನನ್ನ ಸಲಹೆಯನ್ನು ಎರಡು ಭಾಗ ಮಾಡಿ ಹೇಳುತ್ತೇನೆ. ಮನೆಯ ಸುತ್ತ ಹತ್ತು ಹೆಜ್ಜೆ ನಿಮ್ಮದು. ಅಲ್ಲಿ ಹುಲ್ಲು ಬೆಳೆಯಗೊಡಬೇಡಿ. ಸೌದೆ, ಹಂಚು, ಇಟ್ಟಿಗೆ, ಅಡಿಕೆ ಹಾಳೆಗಳ ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲಿನ ಕೆಳಗಿನ ಸಂದು, ಬಚ್ಚಲಿನ ತೂತುಗಳನ್ನು ಮುಚ್ಚಿ. ಅನ್ನದ ಅಗುಳು, ಕೋಳಿಯ ಮೇವು ಚೆಲ್ಲಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ನೆಲದ ಮೇಲೆ ಮಲಗುವ ಬದಲು ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ. ರಾತ್ರಿ ಅಂಗಳಕ್ಕೆ ಇಳಿಯುವಾಗ ಬ್ಯಾಟರಿ ಹಿಡಿಯಿರಿ. ಹಾವಿಗೆ ಹೊರಗಿವಿ ಇಲ್ಲದಿದ್ದರೂ ನೆಲದ ಅದುರುವಿಕೆ ಚೆನ್ನಾಗಿ ತಿಳಿಯುತ್ತದೆ. ಕೋಲಿನಿಂದ ನೆಲ ತಟ್ಟುತ್ತ ನಡೆಯುವ ಹಿರಿಯರ ಪದ್ಧತಿ ಒಳ್ಳೆಯದು. ಬೆಳಗಿನ ಜಾವ ಉದುರು ಅಡಿಕೆ ಹೆಕ್ಕುವವರಿಗೆ, ದರಕು ಗುಡಿಸುವವರಿಗೆ, ಕಳೆ ಕೀಳುವವರಿಗೆ ಗಮ್‌ಬೂಟು, ದಪ್ಪ ಕೈಗವಸು ಕೊಡಿ. ಈ ಕೆಲಸಗಳನ್ನು ಹೆಚ್ಚಾಗಿ ಮಾಡುವವರು ಹೆಂಗಸರು, ಬಹಳಷ್ಟು ಮಂದಿ ಬರಿಗಾಲಿನಲ್ಲಿ. ತೋಟದ ಯಜಮಾನರಾದವರು ಕೊಳೆ ಔಷಧಿಗೆ ಮಾಡುವ ಖರ್ಚಿನ ಲೆಕ್ಕದಲ್ಲೇ ಇದನ್ನೂ ಸೇರಿಸಿಕೊಳ್ಳಬೇಕು.

ಆ ಹತ್ತು ಹೆಜ್ಜೆಯ ಆಚೆ, ಒಂದು ಮೂಲೆಯನ್ನಾದರೂ ಅವುಗಳಿಗೆ ಬಿಡಿ. ಅಲ್ಲಿ ದರಕು ಕೊಳೆಯಲಿ, ಎರಡು ಕಲ್ಲು, ಒಂದು ಬಿದ್ದ ದಿಮ್ಮಿ ಇರಲಿ, ತಗ್ಗಿನಲ್ಲಿ ನೀರು ನಿಲ್ಲಲಿ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ನಮಗೆ ಅನಿವಾರ್ಯ. ಆದರೆ ತಾಮ್ರ ನೀರಿನ ಜೀವಿಗಳಿಗೆ ವಿಷ. ಆದ್ದರಿಂದ ಡ್ರಮ್ಮು, ಪಂಪುಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ತೊಳೆಯಬೇಡಿ, ನೀರಿನಿಂದ ದೂರ ನೆಲದ ಮೇಲೆ ತೊಳೆಯಿರಿ. ಕಳೆನಾಶಕದ ಬದಲು ಕತ್ತಿ ಅಥವಾ ಕಳೆ ಕೊಚ್ಚುವ ಯಂತ್ರ ಬಳಸಿ. ಕಾಲುವೆಯ ಅಂಚಿಗಂತೂ ಕಳೆನಾಶಕ ಬೇಡವೇ ಬೇಡ. ಹಳೆಯ ಜಂಬಿಟ್ಟಿಗೆ ಕಲ್ಲಿನ ಬಾವಿಗಳಲ್ಲಿ ಕಪ್ಪೆಗೆ ಹತ್ತಲು ಸಂದುಗಳಿದ್ದವು. ಈಗಿನ ಸಿಮೆಂಟ್ ರಿಂಗಿನ ಬಾವಿಗೆ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡಕ್ಕೆ ಬಿದ್ದ ಜೀವಿ ಮೇಲೆ ಬರಲಾರದು. ಒಂದು ದಪ್ಪ ಹಗ್ಗವನ್ನೋ ಅಡಿಕೆ ದಬ್ಬೆಯನ್ನೋ ಇಳಿಬಿಟ್ಟರೆ ಸಾಕು. ಬೇಲಿಗೆ ಕಟ್ಟಿದ ನೈಲಾನ್ ಬಲೆ ನೆಲಕ್ಕೆ ತಾಗಿದ್ದರೆ ಹಾವು ಸಿಕ್ಕಿ ಸಾಯುತ್ತದೆ, ಬಿಡಿಸಲು ಹೋದವರಿಗೂ ಅಪಾಯ. ಕೆಲಸ ಮುಗಿದ ಮೇಲೆ ಬಲೆಯನ್ನು ಸುತ್ತಿಡಿ. ಕಸಕ್ಕೆ ಬೆಂಕಿ ಇಡುವ ಮುನ್ನ ಉದ್ದ ಕೋಲಿನಿಂದ ಒಮ್ಮೆ ಕೆದಕಿ. ಮೊದಲ ಮಳೆಯ ರಾತ್ರಿಗಳಲ್ಲಿ ಕಪ್ಪೆಗಳು ರಸ್ತೆ ದಾಟುತ್ತವೆ; ವಾಹನವನ್ನು ಸ್ವಲ್ಪ ನಿಧಾನವಾಗಿ ಓಡಿಸಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ವಿಷದ ಹಾವು ಅಂಗಳಕ್ಕೆ ಬಂದೀತು. ಆಗ ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ. ದೂರದಿಂದ ಕಣ್ಣಿಡಿ, ಹೋಗಲು ದಾರಿ ಬಿಡಿ. ಹೆಚ್ಚಿನ ಹಾವು ತಾನಾಗಿ ಹೊರಟುಹೋಗುತ್ತದೆ. ಮನೆಯೊಳಗೆ ಸೇರಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಅಥವಾ ತರಬೇತಾದ ಉರಗ ರಕ್ಷಕರಿಗೆ ತಿಳಿಸಿ. ಹಿಡಿದ ಹಾವನ್ನು ದೂರದ ಕಾಡಿಗೆ ಒಯ್ದು ಬಿಡುವಂತೆ ಒತ್ತಾಯ ಮಾಡಬೇಡಿ. ಪರಿಚಯವಿಲ್ಲದ ನೆಲದಲ್ಲಿ ಅದು ದಿಕ್ಕುಗೆಟ್ಟು ಅಲೆಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಬೇರೆ ಬೇರೆ ವ್ಯವಹಾರಗಳಿಗೆ ಬಳಸುತ್ತೇವೆ. ಹಾವಿನ ವ್ಯವಹಾರಕ್ಕೇ ಅದನ್ನು ಬಳಸಿದರೆ ತಪ್ಪೇನಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಈ ಸಲ ಆರಿದ್ರಾ ಮಳೆಯ ಒಂದು ರಾತ್ರಿ, ಊಟವಾದ ಮೇಲೆ, ಟೆಲಿವಿಷನ್ ಆರಿಸಿ ಮಕ್ಕಳ ಜೊತೆ ಜಗಲಿಯಲ್ಲಿ ಕುಳಿತುಕೊಳ್ಳಿ. ಟೆಲಿವಿಷನ್ ಕಾರ್ಯಕ್ರಮ ಮಾಡುವವನೇ ಹೀಗೆ ಹೇಳುತ್ತಾನಲ್ಲ ಎಂದು ನಗಬೇಡಿ. ಹತ್ತು ನಿಮಿಷ ಕಪ್ಪೆಗಳ ಕೂಗನ್ನು ಕೇಳಿ. ಎಷ್ಟು ಬಗೆಯ ಸ್ವರಗಳಿವೆ, ಯಾವುದು ಯಾವ ಕಡೆಯಿಂದ ಬರುತ್ತಿದೆ ಎಂದು ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆಸಿ. ಮುಂದಿನ ವರ್ಷ ಅದೇ ಮಳೆಗೆ ಮತ್ತೆ ಕುಳಿತು ಎಣಿಸಿ, ಹೋಲಿಸಿ ನೋಡಿ. ಒಂದು ಸ್ವರ ಕಡಿಮೆಯಾಗಿದ್ದರೆ, ತೋಟದಲ್ಲಿ ಆ ವರ್ಷ ಏನು ಬದಲಾಯಿತು ಎಂದು ಮನೆಯವರೆಲ್ಲ ಸೇರಿ ಯೋಚಿಸಿ. ಕಾರಣ ಬಹುಮಟ್ಟಿಗೆ ನಿಮ್ಮ ಹಿತ್ತಲಿನಲ್ಲೇ ಸಿಗುತ್ತದೆ, ಸರಿಪಡಿಸುವುದೂ ನಿಮ್ಮ ಕೈಯಲ್ಲೇ ಇರುತ್ತದೆ.